ಅವರ ಹೆಸರಿನ ಸೈಕಲ್ಲು

ಮಗಳು ತಂದು ನಿಲ್ಲಿಸಿದ ಆ ಸೈಕಲ್ಲಿಗೆ ಚಕ್ರವೇ ಇರಲಿಲ್ಲ. ಹೊಸ ಗಾಡಿ ಎಂದರೆ ಚಕ್ರದಡಿ ನಿಂಬೆಹಣ್ಣು ಇಡಬೇಕಲ್ಲ, ಎಲ್ಲಿಡಲಿ? ಕೊನೆಗೆ ಅದರ ಕಬ್ಬಿಣದ ಕಾಲಿನ ಪಕ್ಕ ಇಟ್ಟು ಕರ್ಪೂರ ಹಚ್ಚಿದೆ. ನಿಂತಲ್ಲೇ ನಿಂತು ಹತ್ತು ಕಿಲೋಮೀಟರ್ ಹೋಗುವ ಗಾಡಿಯನ್ನು ನಾನು ಮೊದಲ ದಿನದಿಂದಲೇ ನಂಬಲಿಲ್ಲ.

ಗಾಡಿಯನ್ನಷ್ಟೇ ಅಲ್ಲ, ಅದನ್ನು ಏರುವವರನ್ನೂ ನಂಬಲಿಲ್ಲ. ನಮ್ಮ ಯಜಮಾನರು ಎರಡು ವರ್ಷ ದಿನಾ ವಾಕಿಂಗ್ ಎಂದು ಹೊರಟು, ಸೇಲಂ ಬಸ್ ಸ್ಟ್ಯಾಂಡಿನ ಬಳಿ ಕೂತು ಬಜ್ಜಿ ತಿಂದು ಬರುತ್ತಿದ್ದರು. ಅಂಗಿ ಜೇಬಿನ ಎಣ್ಣೆ ಕಲೆ ನೋಡಿಯೂ ನಾನು ಸುಮ್ಮನಿದ್ದೆ. ಆಮೇಲೆ ಎದೆನೋವು ಬಂತು, ಸ್ಟೆಂಟ್ ಹಾಕಿದರು. ಆ ಕಲೆಯ ವಿಷಯ ಅವತ್ತೇ ಕೇಳಬೇಕಿತ್ತು ಎಂಬ ಕೊರಗು ನನಗೆ ಇಂದಿಗೂ ಇದೆ. ಅಂದಿನಿಂದ ಅವರು ಮಾತ್ರೆ ನುಂಗಿದ ಮೇಲೆ ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡುತ್ತೇನೆ.

ದಿನಾ ಅರ್ಧ ಗಂಟೆ ಪೆಡಲ್ ತುಳಿಯಲಿ ಎಂದು ಡಾಕ್ಟರು ಹೇಳಿದ್ದಕ್ಕೇ ಸೈಕಲ್ಲು ಬಂದದ್ದು. ಧರ್ಮಪುರಿಯಲ್ಲಿ ನರ್ಸ್ ಆಗಿರುವ ಮಗಳು ವೈಫೈ ಜೋಡಿಸಿ, ಅಪ್ಪನ ಹೆಸರು, ವಯಸ್ಸು, ತೂಕ ತುಂಬಿದಳು. ಎದೆಗೆ ಕಟ್ಟುವ ಬೆಲ್ಟು ಹೃದಯದ ಬಡಿತ ಎಣಿಸಿ ಅವಳ ಫೋನಿಗೇ ಕಳಿಸುತ್ತದಂತೆ.

"ಅಮ್ಮಾ, ನಿನ್ ಹೆಸ್ರೂ ಸೇರಿಸ್ಲಾ?" ಎಂದಳು.

"ನನಗ್ಯಾಕೆ? ಮನೆ, ಗ್ಯಾಸು, ಕರೆಂಟು ಎಲ್ಲಾ ಅವರ ಹೆಸ್ರಲ್ಲೇ ಐತಲ್ಲ, ಇದೂ ಇರ್ಲಿ ಬಿಡು."

ಅವರು ಕೋಣೆಯ ಬಾಗಿಲು ಹಾಕಿಕೊಂಡು ತುಳಿಯತೊಡಗಿದರು. ಕಿಟಕಿಯಲ್ಲಿ ಇಣುಕಿದರೆ ಸೈಕಲ್ಲಿನ ಪರದೆಯ ಮೇಲೆ ಯಾವುದೋ ದೇಶದ ಬೆಟ್ಟದ ದಾರಿ. ಒಂದು ನಾಯಿ ಅಡ್ಡ ಬರುವುದಿಲ್ಲ, ಒಂದು ಗುಂಡಿ ಇಲ್ಲ. ಇಂಥ ರಸ್ತೆ ಭೂಮಿಯ ಮೇಲೆ ಇದ್ದೀತೇ? ಅವರು ಹೊರಬಂದ ಮೇಲೆ ಟವಲ್ ಮೂಸಿ ನೋಡುತ್ತಿದ್ದೆ. ಒದ್ದೆಯಾಗಿದ್ದರೆ ಬೆವರೋ ನಲ್ಲಿ ನೀರೋ ಎಂದು ಮತ್ತೆ ಅನುಮಾನ.

ಒಂದು ಮಧ್ಯಾಹ್ನ ಅವರು ಮಲಗಿದ್ದಾಗ, ಪರೀಕ್ಷಿಸಿಯೇ ಬಿಡೋಣವೆಂದು ಸೀರೆ ಎತ್ತಿಕಟ್ಟಿ ನಾನೇ ಏರಿದೆ. ಬೆಲ್ಟಿಲ್ಲದೆ ಓಡುವುದಿಲ್ಲವೇನೋ ಎಂದು ಅದನ್ನೂ ಕಟ್ಟಿಕೊಂಡೆ. ಏರು ಬಂದಾಗ ಪೆಡಲ್ ತಾನಾಗಿ ಬಿಗಿಯಾಯಿತು. ತೊಪ್ಪೂರು ಘಾಟಿ ಹತ್ತುವ ಲಾರಿಯ ಹಾಗೆ ಏದುಸಿರು ಬಂತು. ಹತ್ತು ನಿಮಿಷಕ್ಕೆ ಕಣ್ಣು ಕತ್ತಲಿಟ್ಟು ನೆಲದ ಮೇಲೆ ಕೂತುಬಿಟ್ಟೆ. ಗಾಡಿ ಸುಳ್ಳಲ್ಲ ಎಂದು ಮಾತ್ರ ಗೊತ್ತಾಯಿತು.

ಸಂಜೆ ಮಗಳ ಫೋನು. ಅವರು ಸ್ಪೀಕರ್ ಹಾಕಿದರು.

"ಅಪ್ಪಾ, ಮಧ್ಯಾಹ್ನ ಯಾಕೆ ಏರಿದ್ರಿ? ಬಡಿತ ಸಿಕ್ಕಾಪಟ್ಟೆ ಏರೈತೆ, ತಾಳಾನೇ ಇಲ್ಲ. ಆಸ್ಪತ್ರೆಗೆ ಓಗ್ಬೇಕು. ನಾನು ಬಸ್ ಹತ್ತಿದೀನಿ."

"ಸತ್ಯಮಾ ಹೇಳ್ತೀನಿ, ನಾನು ಏರ್ಲಿಲ್ಲಮ್ಮಾ, ಮಲಗಿದ್ದೆ."

"ಪೊಯ್ ಹೇಳ್ಬೇಡಿ! ಬಜ್ಜಿ ವಿಷ್ಯದಲ್ಲೂ ಇಂಗೇ ಸುಳ್ಳು ಹೇಳಿದ್ರಿ."

ಅವರು ನನ್ನ ಕಡೆ ತಿರುಗಿದರು. "ನೀನಾದ್ರೂ ಹೇಳೇ, ನಾನು ಮಲಗಿರ್ಲಿಲ್ವಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವರ ಸ್ಥಿತಿ ನನ್ನದು. ಕದ್ದು ಟವಲ್ ಮೂಸುತ್ತಿದ್ದವಳು ಕದ್ದು ಸೈಕಲ್ಲೂ ತುಳಿದೆ ಎಂದು ಹೇಗೆ ಹೇಳಲಿ? ನಾಚಿಕೆಯಿಂದ ಅಡುಗೆಮನೆಗೆ ನಡೆದುಬಿಟ್ಟೆ. ಅವರು ಇನ್ನೇನೂ ವಾದಿಸದೆ ತಮ್ಮ ಆಸ್ಪತ್ರೆ ಫೈಲನ್ನು ಚೀಲಕ್ಕೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ ವರಾಂಡದಲ್ಲಿ ಕೂತರು. ಅಷ್ಟು ಕುಗ್ಗಿಹೋದ ಅವರನ್ನು ನಾನು ಯಾವತ್ತೂ ನೋಡಿರಲಿಲ್ಲ.

ಮಗಳು ಗೇಟು ತೆಗೆದಾಗ ಹೇಳಿಬಿಟ್ಟೆ: "ಆ ಬಡಿತ ನಿಮ್ಮಪ್ಪಂದಲ್ಲ. ನಂದು."

ಆಸ್ಪತ್ರೆಯಲ್ಲಿ ಎದೆಗೆ ವೈರು ಅಂಟಿಸಿಕೊಂಡು ಮಲಗಿದ್ದವಳು ನಾನು. ಎಷ್ಟು ದಿನದಿಂದ ಆಯಾಸ ಎಂದು ಡಾಕ್ಟರು ಕೇಳಿದರು. ಎಂಟು ತಿಂಗಳು ಎಂದೆ. ಗಿಡ ನೋಡುವ ನೆಪ ಮಾಡಿ ಮಹಡಿಯ ಮೆಟ್ಟಿಲಲ್ಲಿ ಮೂರು ಕಡೆ ನಿಂತು ಹತ್ತುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ಯಜಮಾನರು ನನ್ನನ್ನೇ ದಿಟ್ಟಿಸುತ್ತಿದ್ದರು. ಆ ನೋಟ ನನಗೆ ಚೆನ್ನಾಗಿ ಗೊತ್ತು, ನನ್ನದೇ ಅದು.

ಮರುದಿನ ಬೆಳಿಗ್ಗೆ ಅವರು ನೀರಿನ ಲೋಟ ಹಿಡಿದು ನನ್ನ ಮುಂದೆ ನಿಂತರು. ಡಾಕ್ಟರು ನನಗೆ ಬರೆದ ಮಾತ್ರೆ ಬಾಯಿಗೆ ಹಾಕಿಕೊಂಡು, ನುಂಗಿದೆ ಎಂದೆ.

"ನಾಲಿಗೆ ಎತ್ತು," ಎಂದರು.