ಬೋರ್ಡಿನ ಬುಡ

ಎಪ್ಪತ್ತನೇ ಇಸವಿಯ ಆಚೀಚೆ, ತಮಿಳು ಸೀಮೆಯ ಗಡಿಯ ಮಾರಂಡಹಳ್ಳಿ ಸ್ಕೂಲಲ್ಲಿ ನಮಗಿದ್ದ ವಾದ್ಯಾರು ತಮಿಳಲ್ಲಿ ಕಲಿಸಿ ಕನ್ನಡದಲ್ಲಿ ಬೈಯುತ್ತಿದ್ದರು. ಅವರಿಗೆ ಮೈಯ ಸ್ನಾಯುಗಳೆಲ್ಲ ಒಂದೊಂದಾಗಿ ಸವೆಯುವ ಕಾಯಿಲೆ ಅಂತ ಸೇಲಂ ಡಾಕ್ಟರು ಹೇಳಿದ್ದರಂತೆ. ಮೊದಲು ತೊಡೆ ಸೋತಿತು. ಮೊಣಕಾಲು, ತೊಡೆ ಅಂತ ತಮ್ಮ ಮೈಯನ್ನೇ ಕೈಯಿಂದ ಹತ್ತಿಕೊಂಡು ಮೇಲೇಳುತ್ತಾ, "ಒಸಿ ಇರ್ರಲಾ, ಏಳ್ತಾ ಇವ್ನಿ" ಅನ್ನೋರು. ಆಮೇಲೆ ಭುಜ ಸೋತಿತು. ಬೋರ್ಡಿನ ತಲೆಯಲ್ಲಿದ್ದ ಅಕ್ಷರ ವರ್ಷ ವರ್ಷ ಇಳಿದು ಬುಡ ಸೇರಿತು.

ಒಮ್ಮೆ ಬಂದ ಇನ್‌ಸ್ಪೆಕ್ಟರು ಅದನ್ನು ಮೆಚ್ಚಿ, ಚಿಕ್ಕ ಮಕ್ಕಳಿಗೆ ಕಾಣುವ ಹಾಗೆ ಎಲ್ಲರೂ ಹೀಗೇ ಬರೆಯಬೇಕು ಅಂದರು. ವಾದ್ಯಾರು ಇನ್ನೂ ಕುರ್ಚಿಯಿಂದ ಏಳುತ್ತಿದ್ದರು. "ಕೊಂಜಂ ಇರುಂಗೊ ಸಾರ್" ಅಂತ ನಮಗೆ ಹೇಳುತ್ತಿದ್ದ ಮಾತನ್ನೇ ತಮಿಳಲ್ಲಿ ಹೇಳಿದರು. ಇನ್‌ಸ್ಪೆಕ್ಟರು ಕಾಯಲಿಲ್ಲ.

ಮುಂದಿನ ವಾರದಿಂದ ತಾಲೂಕಿನ ಗಟ್ಟಿಮುಟ್ಟು ವಾದ್ಯಾರುಗಳೆಲ್ಲ ಸೊಂಟ ಬಗ್ಗಿಸಿ ಬೋರ್ಡಿನ ಬುಡದಲ್ಲಿ ಬರೆದರು. ನಮ್ಮವರಿಗೆ ಮಾತ್ರ, ಮೇಲಧಿಕಾರಿ ಬಂದಾಗ ಎದ್ದು ನಿಲ್ಲಲಿಲ್ಲ ಅಂತ ಮೆಮೊ ಬಂತು.