ಹದಿನಾರು ಕುರಿಗಳ ಗಿಟಾರ್

ಕೊರೊನಾದ ಬೀಗ ಪೂರ್ತಿ ತೆರೆದ ಮರುವರ್ಷದ ಶ್ರಾವಣ. ಮಹಾರಾಷ್ಟ್ರದ ಗಡಿಯೂರು ಉಮರ್ಗಾದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ಹಾರ್ಮೋನಿಯಂ ರಿಪೇರಿಯ ಅಂಗಡಿ. ಬೋರ್ಡಿನ ಮೇಲೆ ನಮ್ಮ ಮನೆಯವರ ಹೆಸರಿದೆ, ಈರಣ್ಣ ಎಂದು. ನನ್ನ ಹುದ್ದೆಗೆ ಹೆಸರಿಲ್ಲ. ಯಾರಾದರೂ ಕೇಳಿದರೆ ಮನೆಯಲ್ಲೇ ಇರುತ್ತೇನೆ ಅನ್ನುತ್ತೇನೆ, ಅದು ಸುಳ್ಳೂ ಅಲ್ಲ. ಬೆಳಿಗ್ಗೆ ಲಿಂಗಪೂಜೆ, ಆಮೇಲೆ ರೊಟ್ಟಿ, ರೊಟ್ಟಿಯ ಕೈ ತೊಳೆದ ಮೇಲೆ ರೀಡು. ಇಪ್ಪತ್ತಾರು ವರ್ಷದಿಂದ ದಿನಚರಿ ಇಷ್ಟೇ.

ರೀಡು ಅಂದರೆ ಹಾರ್ಮೋನಿಯಂ ಒಳಗಿನ ಹಿತ್ತಾಳೆಯ ನಾಲಿಗೆ. ಅದರ ತುದಿಯನ್ನು ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ಎರಡು ರೀಡು ಒಟ್ಟಿಗೆ ನುಡಿಸಿದಾಗ ಸ್ವರ ಕೂಡಿಲ್ಲವಾದರೆ ಮಧ್ಯದಲ್ಲಿ ಒಂದು ಅಲೆ ಕೇಳುತ್ತದೆ, ವೊಂವ್ ವೊಂವ್ ಎಂದು. ಅಲೆ ನಿಧಾನವಾಗುತ್ತಾ ಬಂದು ನಿಲ್ಲುವವರೆಗೆ ಕೆರೆಯಬೇಕು. ಒಂದು ಕೂದಲೆಳೆ ಹೆಚ್ಚಾದರೆ ರೀಡು ಹೋಯಿತು. ಇದನ್ನು ನನಗೆ ಕಲಿಸಿದವರು ನಮ್ಮ ಮನೆಯವರೇ. ಮದುವೆಯಾದ ಹೊಸದರಲ್ಲಿ ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಅಲೆ ನಿಂತ ಕೂಡಲೇ ಕೈ ಎತ್ತು ಅಂತಿದ್ದರು.

ಅವರ ಕಿವಿ ಹೋಗುತ್ತಿದೆ ಎಂದು ನನಗೆ ಮೊದಲು ಗೊತ್ತಾದದ್ದು ಕುಕ್ಕರಿನಿಂದ. ಸೀಟಿ ಹೊಡೆಯುವುದಿಲ್ಲ, ಕುಕ್ಕರ್ ಕೆಟ್ಟಿದೆ ಅಂದರು. ನನಗೆ ಸರಿಯಾಗಿಯೇ ಕೇಳುತ್ತಿತ್ತು. ಅವರು ಹಟ ಹಿಡಿದು ಪೇಟೆಯಿಂದ ಹೊಸ ಸೀಟಿ ತಂದರು. ಎಂಟು ದಿನಕ್ಕೆ ಅದೂ ಖರಾಬ್ ಎಂದು ಇನ್ನೊಂದು ತಂದರು. ಮೂರನೆಯದನ್ನು ತರಲು ಹೊರಟಾಗ ನಾನು ನಕ್ಕು, ಕುಕ್ಕರಿಗಿಂತ ಸೀಟಿಯ ತೂಕ ಹೆಚ್ಚಾಯಿತು ಅಂದೆ. ಅವರೂ ನಕ್ಕರು. ಆ ಮಧ್ಯಾಹ್ನ ಅವರು ಸ್ವರ ಕೂಡಿಸಿಟ್ಟ ಪೇಟಿಯನ್ನು, ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅನ್ನುತ್ತೇವೆ, ಸುಮ್ಮನೆ ನುಡಿಸಿ ನೋಡಿದೆ. ಕೆಳಗಿನ ಸ್ವರಗಳು ಹಾಲಿನಂತಿದ್ದವು. ಮೇಲಿನ ಎಂಟು ರೀಡಿನಲ್ಲಿ ಅಲೆ ಹಾಗೇ ಇತ್ತು.

ಅವತ್ತು ನಾನು ಹೇಳಬೇಕಿತ್ತು. ಹೇಳಲಿಲ್ಲ. ಅವರು ಊಟ ಮಾಡಿ ಮಲಗಿದ ಮೇಲೆ ಆ ಎಂಟು ರೀಡನ್ನು ಸದ್ದಾಗದಂತೆ ತೆಗೆದು ಸರಿಮಾಡಿಟ್ಟೆ. ಮುಂದೆ ಪ್ರತಿ ಪೇಟಿಗೂ ಅದೇ ಆಯಿತು. ಇದೂ ಒಂದು ಸೇವೆ, ಶಿವನು ನನಗೆ ಎರಡು ಕಿವಿ ಹೆಚ್ಚಿಗೆ ಕೊಟ್ಟಿದ್ದಾನೆ ಅಂದುಕೊಂಡೆ. ಒಂದು ಪೇಟಿಯೂ ತಿರುಗಿ ಬರಲಿಲ್ಲ, ಅವರ ಹೆಸರು ಕೆಡಲಿಲ್ಲ. ಅಷ್ಟಾದರೂ ಇತ್ತಲ್ಲ ಎಂದು ನಾಲ್ಕು ವರ್ಷ ಕೈಮುಗಿದೆ.

ಶ್ರಾವಣದ ಎರಡನೆಯ ಸೋಮವಾರ ಮುರುಮದ ಬಸ್ಸಿಗೆ ನಾಗನಾಥ ಬಂದ. ಬೀರಪ್ಪ ದೇವರ ಒಕ್ಕಲು, ಕುರಿ ಸಾಕುವ ಮನೆ. ಅಜ್ಜ ಡೊಳ್ಳು ಬಾರಿಸುತ್ತಿದ್ದನಂತೆ. ಈತ ನಿಲಂಗಾದ ಒಂದು ಮದುವೆ ಆರ್ಕೆಸ್ಟ್ರಾದಲ್ಲಿ ಹದಿನೆಂಟು ವರ್ಷದಿಂದ ಗಿಟಾರ್ ನುಡಿಸುವವ. ಹೆಗಲಿನಿಂದ ಚೀಲ ಇಳಿಸಿ ಅಂವ ತೆಗೆದ ಗಿಟಾರ್ ನೋಡಿ ನಾನು ಸೆರಗಿಗೆ ಕೈ ಒರೆಸಿಕೊಂಡೆ. ಕೆಂಪುಗಪ್ಪು ಬಣ್ಣ, ಕೆಳಗಿನ ಮರದ ಗೆರೆ ನೀರಿನಲ್ಲಿ ಕಂಡಂತೆ ಕಾಣುತ್ತಿತ್ತು. ಪುಣೆಯಲ್ಲಿ ಒಂದು ಲಕ್ಷ ಮೂವತ್ತೆಂಟು ಸಾವಿರಕ್ಕೆ ತಂದಿದ್ದ. ತನ್ನ ಪಾಲಿಗೆ ಬಂದ ಕುರಿಗಳಲ್ಲಿ ಹದಿನಾರನ್ನು ಮಾರಿದ್ದ. ಅವರಪ್ಪ ಸಂತೆಯಲ್ಲಿ ಸಿಕ್ಕಸಿಕ್ಕವರಿಗೆ, ನನ್ನ ಮಗ ಕುರಿ ಕೊಟ್ಟ ಕಟಿಗಿ ತಂದಾನ ಎಂದು ಹೇಳಿಕೊಂಡು ತಿರುಗುತ್ತಿದ್ದನಂತೆ.

ಅಂವನ ದೂರು ಇದು. ತಂದ ಮೊದಲ ವರ್ಷ ಗಿಟಾರ್ ಚೆನ್ನಾಗಿಯೇ ಇತ್ತು. ಬರಬರುತ್ತಾ ಸಣ್ಣ ತಂತಿಗಳ ಹೊಳಪು ಹೋಯಿತು. ಬಟ್ಟೆ ಮುಚ್ಚಿ ನುಡಿಸಿದಂತೆ ಆಗುತ್ತದೆ. ತಂತಿ ನಾಲ್ಕು ಸಲ ಬದಲಿಸಿದ್ದಾನೆ. ಮಜಾ ಅಂದರೆ ಆರ್ಕೆಸ್ಟ್ರಾದ ಮಾಲಕರು ಉಲ್ಟಾ ಹೇಳುತ್ತಾರೆ, ನಿನ್ನ ಗಿಟಾರ್ ಕಿವಿಗೆ ಸೂಜಿ ಚುಚ್ಚಿದಂತಾಗುತ್ತದೆ, ಹಿಂಗಾದರೆ ಬೇರೆಯವನನ್ನು ನೋಡಬೇಕಾಗುತ್ತದೆ ಎಂದು. ದುಬಾರಿ ಗಿಟಾರ್ ಎಂದು ನಕಲಿ ಮಾಲು ಕೊಟ್ಟಿರಬೇಕು ಎಂಬ ಸಂಶಯ ಅಂವನಿಗೆ.

"ಈರಣ್ಣನೋರ, ಇದಕ್ಕ ಕೊಟ್ಟ ಕಿಮ್ಮತ್ತ ಐತೋ ಇಲ್ಲೋ, ಅದೊಂದ ಹೇಳ್ರಿ. ನೀವು ಕಟಿಗಿ ಅಂದ್ರ ಕಟಿಗಿ. ನಾ ಸುಮ್ಮನ ಮಾರಿಬಿಡ್ತೀನಿ."

ನಮ್ಮದು ಪೇಟಿಯ ಮನೆ, ಇಂಥ ಗಿಟಾರ್ ಹೆಚ್ಚು ಬರುವುದಿಲ್ಲ ಎಂದು ಮನೆಯವರು ಮೊದಲೇ ಹೇಳಿದರು. ಆದರೂ ಮೂರು ದಿನ ಇಟ್ಟು ನೋಡುತ್ತೇವೆ ಅಂದರು. ಇದು ನಮ್ಮ ಮಾವನವರ ಕಾಲದ ಪದ್ಧತಿ. ಯಾವ ವಾದ್ಯವೇ ಆಗಲಿ, ಬಂದ ದಿನ ಶ್ರುತಿ ಮಾಡಿಟ್ಟು, ಮೂರು ಹಗಲಿನ ಬಿಸಿಲು, ಮೂರು ಬೆಳಗಿನ ತಂಪು ಕಳೆದ ಮೇಲೆ ಮತ್ತೆ ನುಡಿಸಬೇಕು. ಕೆಟ್ಟ ಮರ ಜಾರುತ್ತದೆ, ಒಳ್ಳೆಯದು ನಿಲ್ಲುತ್ತದೆ.

ಬಂದ ದಿನವೇ ಮನೆಯವರು ಕತ್ತಿನ ಉದ್ದಕ್ಕೆ ಕಣ್ಣಿಟ್ಟು ನೋಡಿದರು. ನೂಲು ಹಿಡಿದಂತೆ ನೇರವಾಗಿತ್ತು. ಕತ್ತು ಮೈಗೆ ಕೂಡುವ ಸಂದಿಯಲ್ಲಿ ಕಾಗದ ತೂರಿಸಿದರು, ಹೋಗಲಿಲ್ಲ. ಅಲ್ಲಿ ಬರೀ ಹಳದಿ ಪುಡಿ ಕೂತಿತ್ತು, ಬೀರಪ್ಪನ ಭಂಡಾರ. ಹೊಸ ಗಿಟಾರಿಗೆ ಅಂವನ ತಾಯಿ ಹಚ್ಚಿದ್ದಂತೆ. ಉಳಿದ ಕೆಲಸ ನನ್ನದು. ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡ ಕೂಡಿಸಿದ ಲೋಹದ ಪಟ್ಟಿಗೆ ಫ್ರೆಟ್ ಅನ್ನುತ್ತಾರೆ. ಇಪ್ಪತ್ತೆರಡು ಫ್ರೆಟ್, ಆರು ತಂತಿ, ಒಟ್ಟು ನೂರಾ ಮೂವತ್ತೆರಡು ಸ್ವರ. ನಮ್ಮ ಹಳೆಯ ಜರ್ಮನ್ ರೀಡಿನ ಪೇಟಿಯನ್ನು ಪಕ್ಕದಲ್ಲಿಟ್ಟುಕೊಂಡು, ಬೇಳೆ ಬೇಯುವ ಹೊತ್ತಿನಲ್ಲಿ, ಹಿಟ್ಟು ನೆನೆಯುವ ಹೊತ್ತಿನಲ್ಲಿ, ಒಂದೊಂದನ್ನೇ ಹೋಲಿಸಿ ನೋಡಿದೆ. ಎಲ್ಲೂ ಅಲೆ ಏಳಲಿಲ್ಲ.

ಎಲೆಕ್ಟ್ರಿಕ್ ಗಿಟಾರಿಗೆ ಹೊಟ್ಟೆ ಪೊಳ್ಳಿರುವುದಿಲ್ಲ, ಗಟ್ಟಿ ಮರ. ತಂತಿಯ ಕೆಳಗಿನ ಅಯಸ್ಕಾಂತದ ಪಿಕಪ್ಪು ನಡುಕವನ್ನು ಹಿಡಿದು ಆಂಪ್ಲಿಫೈಯರ್ ಪೆಟ್ಟಿಗೆಗೆ ಕಳಿಸುತ್ತದೆ. ಅಂವ ತನ್ನ ಪೆಟ್ಟಿಗೆಯನ್ನೂ ಬಿಟ್ಟುಹೋಗಿದ್ದ. ಬುಧವಾರ ಅದಕ್ಕೆ ಜೋಡಿಸಿ ಸಣ್ಣ ತಂತಿ ಮೀಟಿದೆ. ಕಿವಿ ಮುಚ್ಚಿಕೊಂಡೆ. ಸೂಜಿಯಲ್ಲ, ದಬ್ಬಣ. ನೋಡಿದರೆ ಸಣ್ಣ ಸ್ವರ ಹೆಚ್ಚಿಸುವ ಗುಂಡಿಗಳೆಲ್ಲ ಕೊನೆಯವರೆಗೆ ತಿರುಗಿದ್ದವು. ಅವನ್ನು ನಡುವಿಗೆ ತಂದು ಮತ್ತೆ ಮೀಟಿದೆ.

ಆ ಸ್ವರವನ್ನು ಹೇಗೆ ಬರೆಯಲಿ. ಸ್ವರ ಸಾಯುವವರೆಗೆ ಮನಸ್ಸಿನಲ್ಲೇ ಓಂ ನಮಃ ಶಿವಾಯ ಹೇಳುವುದು ನನ್ನ ಅಳತೆ. ನಮ್ಮಲ್ಲಿಗೆ ಬರುವ ಅಗ್ಗದ ಗಿಟಾರುಗಳು ಐದು ನಾಮಕ್ಕೆ ಮುಗಿಯುತ್ತವೆ. ಇದು ಹದಿಮೂರಕ್ಕೆ ಹೋಯಿತು, ಕೊನೆಯವರೆಗೂ ಮೊಂಡಾಗಲಿಲ್ಲ. ಕೊಟ್ಟ ಕಿಮ್ಮತ್ತಿಗೆ ಪೂರಾ ತೂಗುವ ವಾದ್ಯ. ಆಗ ನನಗೆ ಅರ್ಥವಾಯಿತು. ಗಿಟಾರ್ ಸರಿ ಇದೆ. ಹದಿನೆಂಟು ವರ್ಷ ಸ್ಪೀಕರಿನ ಪಕ್ಕ ನಿಂತ ಕಿವಿ ಹೋಗಿದೆ. ನಮ್ಮ ಮನೆಯವರದು ವಯಸ್ಸಿನಿಂದ ಹೋಗುತ್ತಿತ್ತು, ಅಂವನದು ಸದ್ದಿನಿಂದ. ಕುಕ್ಕರಿನ ಕಥೆಯೇ ಇದು.

ಗುರುವಾರ ಹನ್ನೊಂದಕ್ಕೆ ನಾಗನಾಥ ಬಂದ. ಗಿಟಾರ್ ಒಂದಿಷ್ಟೂ ಶ್ರುತಿ ಜಾರಿರಲಿಲ್ಲ. ನಾನು ಒಳಗೆ ಚಹಾಕ್ಕಿಟ್ಟಿದ್ದೆ, ಕಿವಿ ಹೊರಗಿತ್ತು. ಮನೆಯವರು ಕೊನೆಯ ಮಾತು ಹೇಳುವ ಮೊದಲು ತಾವೇ ಸಣ್ಣ ತಂತಿ ಮೀಟಿದರು, ಇನ್ನೊಮ್ಮೆ ಮೀಟಿದರು, ತಲೆ ಅಲ್ಲಾಡಿಸಿದರು.

"ಮೈಕಟ್ಟ ಎಲ್ಲಾ ಛಲೋ ಐತಿ. ಆದ್ರ ಸಣ್ಣ ತಂತಿ ಬೋದಾ ಐತಿ ನೋಡಪಾ. ಜೀವ ಇಲ್ಲ."

ಬೋದಾ ಅಂದರೆ ಮೊಂಡು. ನಾಗನಾಥನ ಮುಖ ಅರಳಿತು. ಹೌದಲ್ರಿ, ನನಗೊಬ್ಬಗ ಅನಸ್ತದ ಅಂತ ತಿಳದಿದ್ದೆ ಎಂದ. ಇಬ್ಬರೂ ಸರದಿಯಂತೆ ಮೀಟಿ ಮೀಟಿ ಬೋದಾ, ಬೋದಾ ಎಂದು ಒಪ್ಪಿಕೊಳ್ಳುತ್ತಿದ್ದರು. ಬಹಳ ದಿನದ ಮೇಲೆ ನಮ್ಮ ಮನೆಯವರು ಅಷ್ಟು ಗೆಲುವಾಗಿ ಮಾತಾಡಿದ್ದು. ನಾನು ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ನಾಗನಾಥ ನನ್ನ ಕಡೆ ತಿರುಗಿ ನೋಡಿದ.

"ವೈನಿ, ನೀವೂ ಕೇಳಿರಲ್ಲ ಮೂರ ದಿನ. ನೀವೇನಂತೀರಿ?"

ಸರಿ ಇದೆ ಅಂದರೆ ಎದುರಿಗೆ ಕೂತ ಇಬ್ಬರಿಗೂ ಕಿವುಡರು ಅಂದಂತೆ. ಒಬ್ಬ ಹೊರಗಿನವ. ಇನ್ನೊಬ್ಬರು ನನಗೆ ಕೇಳುವುದನ್ನು ಕಲಿಸಿದವರು. ನಾಲ್ಕು ವರ್ಷದ ನನ್ನ ಮಧ್ಯಾಹ್ನದ ಕಳ್ಳತನವೂ ಹೊರಗೆ ಬೀಳುತ್ತಿತ್ತು. "ಅವರು ಅಂದದ್ದ ಖರೇರಿ" ಅಂದೆ. ಚಹಾ ಕೊಟ್ಟು ಒಳಗೆ ಬಂದೆ. ಒಲೆಯ ಮೇಲಿನ ಬೇಳೆ ಸೀದಿರಲಿಲ್ಲ. ಶಿವನ ಕೃಪೆ ಎಂದು ಎಣಿಸಲು ಅವತ್ತು ನನಗೆ ಅದೊಂದೇ ಸಿಕ್ಕಿತು.

ನಾಗನಾಥ ಗಿಟಾರನ್ನು ಉದಗೀರಿನ ಒಬ್ಬ ವಾದಕನಿಗೆ ನಲವತ್ತೈದು ಸಾವಿರಕ್ಕೆ ಕೊಟ್ಟನೆಂದೂ, ಒಂದು ಅಗ್ಗದ ಗಿಟಾರ್ ಮತ್ತು ಮೊದಲಿಗಿಂತ ದೊಡ್ಡ ಸ್ಪೀಕರ್ ತೆಗೆದುಕೊಂಡನೆಂದೂ ಸುದ್ದಿ ಬಂತು. ದೊಡ್ಡ ಸ್ಪೀಕರ್ ಅಂದರೆ ಇದ್ದಷ್ಟು ಕಿವಿಯೂ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಆಗಲೂ ಹೋಗಿ ಹೇಳಬಹುದಿತ್ತು. ಮುರುಮ ಎಷ್ಟು ದೂರ? ನಾನು ಪೂಜೆಯಲ್ಲಿ ಅಂವನ ಹೆಸರಿಗೆ ಒಂದು ಬಿಲ್ವದಳ ಹೆಚ್ಚಿಗೆ ಏರಿಸಿದೆ. ದೇವರ ಮೇಲೆ ಹಾಕುವುದು ಸುಲಭ.

ಎರಡು ವರ್ಷ ಕಳೆದ ಮೇಲೆ ನನ್ನ ನಾದಿನಿಯ ಮಗಳ ಮದುವೆ ಉದಗೀರಿನಲ್ಲಾಯಿತು. ಮಧ್ಯಾಹ್ನದ ಅಕ್ಷತೆಗೆ ಮೊದಲು ಆರ್ಕೆಸ್ಟ್ರಾ ಶುರುವಾಯಿತು. ಮೊದಲ ಮೀಟಿಗೇ ನನಗೆ ತಿಳಿಯಿತು. ಹದಿಮೂರು ನಾಮದ ಸ್ವರ. ಎದ್ದು ವೇದಿಕೆಯ ಹತ್ತಿರ ಹೋಗಿ ನೋಡಿದೆ. ಕತ್ತು ಮೈಗೆ ಕೂಡುವ ಸಂದಿಯಲ್ಲಿ ಹಳದಿ ಭಂಡಾರ ಹಾಗೇ ಇತ್ತು. ಹಾಡು ಮುಗಿದ ಮೇಲೆ ವಾದಕನನ್ನು ಗಿಟಾರ್ ಹೇಗಿದೆ ಎಂದು ಕೇಳಿದೆ. "ಸೋನಂ ಆಹೇ, ಕಾಕೂ" ಎಂದು ಮರಾಠಿಯಲ್ಲಿ ಅಂದ, ಬಂಗಾರ ಎಂದು. ತಿರುಗಿ ಬಂದು ಕೂತೆ. ಮನೆಯವರು ನನ್ನ ಕಡೆ ಬಾಗಿ, ಇವನದೂ ಸಣ್ಣ ತಂತಿ ಬೋದಾನ ಐತಿ ನೋಡು ಅಂದರು.

ತಿರುಗಿ ಬರುವ ಎಸ್‌ಟಿ ಬಸ್ಸಿನಲ್ಲಿ ಎಲ್ಲ ಹೇಳಿದೆ. ಕುಕ್ಕರಿನಿಂದ ಹಿಡಿದು ಹೇಳಿದೆ. ಅವರು ಕಿಟಕಿಯ ಕಡೆ ಮುಖ ಮಾಡಿಕೊಂಡರು. ನಿಲಂಗಾದ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಎಷ್ಟ ವರ್ಷ ಆತು ಎಂದು ಕೇಳಿದರು. ಆರು ಅಂದೆ. ಬಸ್ಸು ಬಿಟ್ಟ ಮೇಲೆ, "ಹಂಗಾರ ಛಲೋ ಪೇಟಿ ಅಂತ ಮಂದಿ ಅಂದದ್ದು ನನಗಲ್ಲ" ಅಂದರು. ಮನೆಗೆ ಬಂದು ರೀಡು ಕೆರೆಯುವ ಕಾನಸನ್ನು, ಆ ಸಣ್ಣ ಅರವನ್ನು, ದೇವರ ಜಗಲಿಯ ಮೇಲಿಟ್ಟರು. ಅವರು ಅದನ್ನು ಮತ್ತೆ ಮುಟ್ಟಿಲ್ಲ.

ಮರುದಿನ ನಾನು ಮುರುಮಕ್ಕೆ ಹೋದೆ. ನಾಗನಾಥನ ಹೆಂಡತಿ ಮಹಾದೇವಿ ಬಾಗಿಲಲ್ಲೇ ನನಗೆ, ಜೋರಾಗಿ ಮಾತಾಡ್ರಿ, ಮುಖ ನೋಡಿ ಮಾತಾಡ್ರಿ ಎಂದು ಹೇಳಿ ಒಳಗೆ ಬಿಟ್ಟಳು. ಅಂವ ಆರ್ಕೆಸ್ಟ್ರಾ ಬಿಟ್ಟು ಐದು ತಿಂಗಳಾಗಿತ್ತು. ಲಾತೂರಿನ ಡಾಕ್ಟರು ಕಿವಿಯ ಪರೀಕ್ಷೆ ಮಾಡಿ, ಹೋದದ್ದು ತಿರುಗಿ ಬರುವುದಿಲ್ಲ, ಎರಡು ವರ್ಷದ ಹಿಂದೆಯೇ ಸದ್ದು ಬಿಟ್ಟಿದ್ದರೆ ಇದ್ದದ್ದು ಉಳಿಯುತ್ತಿತ್ತು ಅಂದಿದ್ದರಂತೆ. ಹಗಲಿಡೀ ಕಿವಿಯಲ್ಲಿ ಜೀರುಂಡೆ ಕೂಗಿದಂತೆ ಆಗುತ್ತದೆ. ಈಗ ಅಪ್ಪನ ಜೊತೆ ಕುರಿಗೆ ಹೋಗುತ್ತಾನೆ. ಹಿಂದೆ ಉಳಿದ ಮರಿ ಕೂಗಿದರೆ ಕೇಳಿಸುವುದಿಲ್ಲವೆಂದು ಮುದುಕ ತಾನೇ ಹಿಂದೆ ನಡೆಯುತ್ತಾನೆ.

ನಾನು ಅಂವನ ಎದುರು ಕೂತು ಜೋರಾಗಿ, ನಿಧಾನವಾಗಿ ಹೇಳಿದೆ. ಓಣಿಗೆಲ್ಲ ಕೇಳಿಸಿರಬೇಕು. ಅಂವ ಬೈಯುತ್ತಾನೆ ಅಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು.

"ಆವತ್ತ ನಿಮಗ ಕೇಳಸಿತ್ತೇನ್ರಿ ವೈನಿ?"

"ಕೇಳಸಿತ್ತಪಾ."

"ಛಲೋ ಇತ್ತೇನ್ರಿ?"

"ಭಾಳ ಛಲೋ ಇತ್ತು. ನೀ ಕೊಟ್ಟದ್ದಕ್ಕ ಪೂರಾ ಇತ್ತು."

ಅಂವ ಅಂಗಳದಲ್ಲಿ ಕಂಬಳಿ ಝಾಡಿಸುತ್ತಿದ್ದ ಅಪ್ಪನ ಕಡೆ ತಿರುಗಿ, "ಕೇಳಿದೇನಪಾ, ಕಟಿಗಿ ಅಲ್ಲಂತ" ಅಂದ. ಮುದುಕ ಕಂಬಳಿ ಹಿಡಿದುಕೊಂಡೇ ನಿಂತ. "ಹಂಗಾರ ಅದೀಗ ಎಲ್ಲೈತೆವ್ವ?" ಎಂದು ನನ್ನನ್ನು ಕೇಳಿದ. ಉದಗೀರಿನಲ್ಲಿದೆ ಅಂದೆ. ಮಹಾದೇವಿ ಮಜ್ಜಿಗೆ ಕೊಟ್ಟಳು, ಕುಡಿದೆ. ಅಷ್ಟಾದರೂ ಕೊಟ್ಟಳಲ್ಲ.

ಈಗ ಅಂಗಡಿಯಲ್ಲಿ ಮನೆಯವರು ಪೇಟಿಯ ಗಾಳಿಚೀಲದ ಚರ್ಮ, ಮರದ ಕೆಲಸ ಅಷ್ಟೇ ಮಾಡುತ್ತಾರೆ. ಸ್ವರದ ಮಾತು ಬಂದರೆ ಒಳಗೆ ಕೇಳ್ರಿ ಅನ್ನುತ್ತಾರೆ. ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ವಾದ್ಯ ಕೆಟ್ಟಿದೆ, ಮೊಂಡಾಗಿದೆ ಎಂದು ಯಾರೇ ತಂದರೂ ಅದನ್ನು ಬಿಚ್ಚುವ ಮೊದಲು, ಅವರ ಬೆನ್ನ ಹಿಂದೆ ನಿಂತು ಪೂಜೆಯ ಸಣ್ಣ ಗಂಟೆ ಬಾರಿಸುತ್ತೇನೆ. ತಿರುಗಿ ನೋಡಿದರೆ ವಾದ್ಯ ಬಿಚ್ಚುತ್ತೇನೆ. ತಿರುಗದಿದ್ದರೆ ಮೊದಲು ಕಿವಿಯ ಡಾಕ್ಟರಿಗೆ ತೋರಿಸಿರಿ ಎಂದು ಮುಖ ನೋಡಿ ಹೇಳುತ್ತೇನೆ, ಎದುರಿಗೆ ಯಾರೇ ಕೂತಿರಲಿ. ಇದುವರೆಗೆ ನಾಲ್ಕು ಜನ ತಿರುಗಿಲ್ಲ. ಇಬ್ಬರು ಸಿಟ್ಟಾಗಿ ಎದ್ದುಹೋದರು. ಇಬ್ಬರು ತೋರಿಸಿಕೊಂಡರು. ವಾದ್ಯದ ಬೆಲೆ ಹೇಳುವವರು ಅದನ್ನು ಹೊತ್ತು ತಂದವರ ಕಿವಿಯನ್ನೂ ನೋಡಬೇಕು, ಕಂಡದ್ದನ್ನು ಅಲ್ಲೇ ಹೇಳಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಕಲಿತದ್ದು ನಾನು, ಅದಕ್ಕೆ ತನ್ನ ಕಿವಿ ತೆತ್ತವನು ಮುರುಮದಲ್ಲಿದ್ದಾನೆ.

ಬೆಳಿಗ್ಗೆ ಪೂಜೆಯಲ್ಲಿ ಅದೇ ಗಂಟೆ ಬಾರಿಸುತ್ತೇನೆ. ಮನೆಯವರು ಈಗ ಕಣ್ಣು ಮುಚ್ಚುವುದಿಲ್ಲ. ನನ್ನ ಕೈಯನ್ನೇ ನೋಡುತ್ತಾ ಕೂತಿರುತ್ತಾರೆ, ಕೈ ನಿಂತ ಕೂಡಲೇ ತಲೆ ಬಾಗಿಸುತ್ತಾರೆ.