ಸೂಯೆಜ್ ಕಾಲುವೆಯಲ್ಲಿ ರಾಗಿ ಹುಲ್ಲು

ನಾನು ಪಿರಮಿಡ್ ನೋಡಿಲ್ಲ. ಇದರಲ್ಲಿ ಹೇಳಿಕೊಳ್ಳುವಂಥದ್ದೇನಿದೆ, ನಾವೂ ನೋಡಿಲ್ಲವಲ್ಲ ಎಂದು ನೀವು ಕೇಳಬಹುದು. ನೀವು ನೋಡದಿರುವುದಕ್ಕೂ ನಾನು ನೋಡದಿರುವುದಕ್ಕೂ ವ್ಯತ್ಯಾಸವಿದೆ. ನಿಮ್ಮನ್ನು ಯಾರೂ ಅದರ ಹತ್ತಿರದ ತನಕ ಕರೆದುಕೊಂಡು ಹೋಗಿ, ಇಳಿಯುತ್ತೀರೋ ಇಲ್ಲೇ ಇರುತ್ತೀರೋ ಎಂದು ಕೇಳಿರಲಾರರು. ನನ್ನನ್ನು ಕೇಳಿದರು. ನಾನು ಇಲ್ಲೇ ಇರುತ್ತೇನೆ ಎಂದೆ.

ಪ್ರಯಾಣಿಕರಲ್ಲಿ ಎರಡು ಜಾತಿ. ಗಾಡಿ ನಿಂತ ಕೂಡಲೇ ಇಳಿಯುವವರು, ಸಾಮಾನು ಕಾಯುವವರು. ಮೈಸೂರಿನ ರೈಲು ಮದ್ದೂರಿನಲ್ಲಿ ನಿಂತಾಗ ಮೊದಲನೆಯವರು ವಡೆ ತರಲು ಇಳಿಯುತ್ತಾರೆ. ಎರಡನೆಯವರು ಕಿಟಕಿಯಿಂದ ತಲೆ ಹೊರಗೆ ಹಾಕಿ, ಗಾರ್ಡು ಬಾವುಟ ತೋರಿಸಿದನೋ ಏನೋ ಎಂದು ಪ್ರಾಣ ಕೈಯಲ್ಲಿ ಹಿಡಿದುಕೊಂಡಿರುತ್ತಾರೆ. ವಡೆ ತಿನ್ನುವಾಗ ಮಾತ್ರ ಎರಡೂ ಜಾತಿ ಒಂದೇ. ನಾನು ಹುಟ್ಟಿದಾರಭ್ಯ ಸಾಮಾನು ಕಾಯುವವನು. ಆದ್ದರಿಂದ ನಾನು ಹಡಗಿನಿಂದ ಇಳಿಯಲಿಲ್ಲವೆಂದಾಗ ನನ್ನನ್ನು ಬಲ್ಲವರು ಯಾರೂ ಆಶ್ಚರ್ಯಪಡಲಿಲ್ಲ. ಆದರೆ ಅವರು ಊಹಿಸಿದ ಕಾರಣ ತಪ್ಪು. ಅದೊಂದು ಸಲ ಮಾತ್ರ ನನಗೆ ಇಳಿಯಬೇಕೆಂದು ಬಹಳ ಆಸೆಯಿತ್ತು.

ಐವತ್ನಾಲ್ಕರಲ್ಲಿ ನಮ್ಮ ಕಾರ್ಖಾನೆಯವರು ಇಬ್ಬರನ್ನು ಆರು ತಿಂಗಳ ತರಬೇತಿಗೆಂದು ಇಂಗ್ಲೆಂಡಿಗೆ ಕಳಿಸಿದರು. ಟೂಲ್ ರೂಮಿನಿಂದ ನಾನು, ಡ್ರಾಯಿಂಗ್ ಆಫೀಸಿನಿಂದ ಮೂರ್ತಿ. ಹೋಗುವಾಗ ಮುಂಬಯಿಯಿಂದ ಹಡಗು, ಬರುವಾಗ ವಿಮಾನ. ಆಗ ರಾಜಾಜಿನಗರವೆಲ್ಲ ಹೊಸದು. ರಸ್ತೆಗಳಿಗೆ ನಂಬರು ಬಂದಿತ್ತು, ಡಾಂಬರು ಬಂದಿರಲಿಲ್ಲ. ವಿಲಾಯತಿಗೆ ಹೋಗುವವನೆಂದರೆ ಬೀದಿಯವರೆಲ್ಲ ಒಂದು ಸಲ ಬಂದು ಮುಖ ನೋಡಿಕೊಂಡು ಹೋಗುತ್ತಿದ್ದ ಕಾಲ. ಮನೆಯೊಳಗೆ ಬಾರದೇ ಇದ್ದವರು ಒಬ್ಬರೇ, ನನ್ನ ಮಾವ.

ಮಾವ ಎಂದರೆ ನನ್ನ ತಾಯಿಯ ಅಣ್ಣ, ಹೆಂಡತಿ ಜಯಮ್ಮನ ತಂದೆ, ಎರಡೂ ಅವರೇ. ನಮ್ಮ ಬಡಾವಣೆಗೆ ಅಂಟಿಕೊಂಡ ಹಳೆಯ ಊರಿನವರು. ಕಸುಬು ನೀರುಗಂಟಿ. ಪೇಟೆಯಲ್ಲೇ ಬೆಳೆದವರಿಗಾಗಿ ಹೇಳುತ್ತೇನೆ: ಕೆರೆಯ ತೂಬು ಎತ್ತಿ, ಕಾಲುವೆಗೆ ನೀರು ಬಿಟ್ಟು, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ತೀರ್ಮಾನಿಸುವವನು ನೀರುಗಂಟಿ. ಗುದ್ದಲಿಯಿಂದ ಒಂದು ಕಡೆಯ ಮಣ್ಣು ಕಡಿದರೆ ಒಬ್ಬನ ಪೈರಿಗೆ ಜೀವ, ಅದೇ ಮಣ್ಣನ್ನು ಮುಚ್ಚಿ ತುಳಿದರೆ ಇನ್ನೊಬ್ಬನಿಗೆ. ಬೇಸಗೆಯಲ್ಲಿ ಶಾನುಭೋಗರೂ ನಮ್ಮ ಮಾವನನ್ನು ನಗುನಗುತ್ತ ಮಾತಾಡಿಸುತ್ತಿದ್ದರಂತೆ. ಮಳೆ ಬಂದ ಮೇಲೆ ಆ ನಗು ಕಾಣುತ್ತಿರಲಿಲ್ಲವಂತೆ.

ಬಡಾವಣೆ ಬಂದು ಕೆರೆಯ ಕೆಳಗಿನ ಗದ್ದೆಗಳೆಲ್ಲ ಸೈಟುಗಳಾದವು. ಕೆರೆ ಉಳಿಯಿತು, ತೂಬು ಉಳಿಯಿತು, ಮಾವನೂ ಉಳಿದರು. ನೀರು ಬಿಡಲು ಗದ್ದೆ ಮಾತ್ರ ಉಳಿಯಲಿಲ್ಲ. ಆ ಸೈಟುಗಳಲ್ಲಿ ಒಂದು, ನಮ್ಮ ಕಾರ್ಖಾನೆಯ ಮೂಲಕ, ನನಗೆ ಸಿಕ್ಕಿತು. ಸಿಕ್ಕಿದ ದಿನ ಸೈಕಲ್ ಹತ್ತಿ ಮೊದಲು ಮಾವನ ಬಳಿಗೇ ಹೋಗಿ ಹೇಳಿದೆ. ಒಳ್ಳೆಯ ಸುದ್ದಿ ಎಂದೇ ತಿಳಿದಿದ್ದೆ. ನನ್ನ ಬುದ್ಧಿ ಅಷ್ಟು.

ಮನೆ ಕಟ್ಟಿ ಮೂರು ವರ್ಷವಾದರೂ ಮಾವ ಒಳಗೆ ಕಾಲಿಟ್ಟಿರಲಿಲ್ಲ. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದರು. ಗೇಟಿನ ಆಚೆಯೇ ನಿಂತು ಮಗಳನ್ನು ಕರೆದು, ಹೊಲದ ಅವರೆಕಾಯನ್ನೋ ಹುಣಸೆಹಣ್ಣನ್ನೋ ಕೊಟ್ಟು ಹೊರಟುಬಿಡುತ್ತಿದ್ದರು. ಜಯಮ್ಮ ಒಳಗೆ ಕರೆದಾಗಲೆಲ್ಲ ಒಂದೇ ಉತ್ತರ.

"ಇಲ್ಲೇ ಆಯ್ತು ಕಣವ್ವ. ಮೊಣಕಾಲು ಮಟ್ಟ ನೀರು ನಿಲ್ಲಿಸ್ತಿದ್ದ ಜಾಗ. ಕಾಲು ಎತ್ತಿಡೋಕೆ ಮನಸು ಬರಲ್ಲ."

ಅವರು ಹೋದ ಮೇಲೆ ಜಯಮ್ಮ ಸ್ವಲ್ಪ ಹೊತ್ತು ಗೇಟಿನ ಹತ್ತಿರವೇ ನಿಂತಿದ್ದು, ಆಮೇಲೆ ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ನನ್ನನ್ನು ಅವಳು ಒಂದು ದಿನವೂ ದೂರಲಿಲ್ಲ. ದೂರಿದ್ದರೆ ಚೆನ್ನಾಗಿತ್ತು, ನಾನೂ ಎರಡು ಮಾತಾಡಿ ಹಗುರಾಗಬಹುದಿತ್ತು. ಎತ್ತಿ ಆಡಿಸಿದ ಮಾವ ನನ್ನ ಮನೆಯ ಬಾಗಿಲು ತುಳಿಯುವುದಿಲ್ಲವೆಂಬುದು ನನಗೆ ಬಹಳ ನೋವಿನ ವಿಷಯವಾಗಿತ್ತು.

ಹೊರಡುವ ಎರಡು ದಿನ ಮುಂಚೆ ಮಾವ ಗೇಟಿಗೆ ಬಂದು, ಮಗಳನ್ನಲ್ಲ, ನನ್ನನ್ನು ಕರೆದರು.

"ಯಾವ್ದೋ ಕಾಲುವೇಲಿ ಹಡಗು ಹೋಗ್ತದಂತೆ, ದಿಟವಾ?"

"ಹೌದು ಮಾವ. ಸೂಯೆಜ್ ಅಂತ. ಜನಾನೇ ತೋಡಿರೋದು."

"ತೂಬು ಎಲ್ಲೈತೆ ಅದಕ್ಕೆ?"

"ಗೊತ್ತಿಲ್ಲ ಮಾವ."

"ನೀರು ಯಾವ ಕಡೆಗೆ ಹರೀತದೆ?"

ಅದೂ ಗೊತ್ತಿರಲಿಲ್ಲ. ಹಡಗಿನ ಟಿಕೆಟ್ಟು ಜೇಬಿನಲ್ಲಿಟ್ಟುಕೊಂಡವನಿಗೆ ಇಷ್ಟೂ ಗೊತ್ತಿಲ್ಲವೇ ಎಂಬಂತೆ ನೋಡಿದರು.

"ಹುಲ್ಲುಕಡ್ಡಿ ಹಾಕಿ ನೋಡ್ಕೊಂಡು ಬಾ. ಅವರಿವರ ಬಾಯಿಮಾತು ತಂದು ಹೇಳಬೇಡ. ನೀನೇ ನೋಡ್ಬೇಕು."

ನೋಡಿಕೊಂಡು ಬರುತ್ತೇನೆಂದು ಮಾತು ಕೊಟ್ಟೆ. ಮೂರು ವರ್ಷದಲ್ಲಿ ಅವರು ನನ್ನನ್ನು ಕೇಳಿದ್ದು ಅದೊಂದನ್ನೇ. ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಜಯಮ್ಮ ಉಪ್ಪಿನಕಾಯಿ ಜಾಡಿಯ ಸುತ್ತ ರಾಗಿ ಹುಲ್ಲನ್ನು ಬೇಕಾದ್ದಕ್ಕಿಂತ ಎರಡು ಹಿಡಿ ಹೆಚ್ಚಾಗಿಯೇ ತುರುಕಿದಳು.

ಏಡನ್ ದಾಟಿದ ಮೇಲೆ ಹಡಗಿನ ಹಲಗೆಯ ಮೇಲೆ ಒಂದು ನೋಟೀಸು ಅಂಟಿಸಿದರು. ಇಷ್ಟವಿದ್ದವರು ಸೂಯೆಜ್ ಊರಿನಲ್ಲಿ ಇಳಿದು ಮೋಟಾರಿನಲ್ಲಿ ಕೈರೋಗೆ ಹೋಗಿ, ಪಿರಮಿಡ್ ನೋಡಿಕೊಂಡು, ಸಂಜೆಗೆ ಪೋರ್ಟ್ ಸೈದ್‌ನಲ್ಲಿ ಮತ್ತೆ ಹಡಗು ಹತ್ತಬಹುದು. ಅಷ್ಟರೊಳಗೆ ಹಡಗು ತನ್ನ ಪಾಡಿಗೆ ಕಾಲುವೆ ದಾಟಿರುತ್ತದೆ. ಅಂದರೆ ಪಿರಮಿಡ್ ನೋಡಿದವನಿಗೆ ಕಾಲುವೆ ಇಲ್ಲ, ಕಾಲುವೆ ನೋಡಿದವನಿಗೆ ಪಿರಮಿಡ್ ಇಲ್ಲ. ಮೂರ್ತಿ ನನ್ನನ್ನು ಕೇಳದೆಯೇ ಎರಡು ಹೆಸರು ಬರೆಸಿ ಬಂದಿದ್ದ.

"ಜನ್ಮದಲ್ಲಿ ಒಂದೇ ಸಲ ಕಣಯ್ಯ. ಕಾಲುವೇಲಿ ಏನಿದೆ, ನೀರು. ನೀರು ಹತ್ತು ದಿನದಿಂದ ನೋಡ್ತಾನೇ ಇದೀವಲ್ಲ" ಎಂದ.

ಅವನ ಮಾತಿನಲ್ಲಿ ತಪ್ಪೇನಿರಲಿಲ್ಲ. ನನ್ನ ಮನಸ್ಸು ಕೂಡ ಒಳಗಿನಿಂದ ವಕೀಲಿ ಶುರುಮಾಡಿತು. ನೀರು ಹರಿಯುವುದು ಎರಡೇ ಕಡೆಗೆ ತಾನೆ, ಹಡಗಿನಲ್ಲಿ ಉಳಿದವರನ್ನು ಯಾರನ್ನಾದರೂ ಕೇಳಿದರಾಯಿತು. ಮಾವನಿಗೆ ಹೇಗೆ ಗೊತ್ತಾಗುತ್ತದೆ? ಈ ವಾದದ ಬಲದಿಂದ ನಾನು ಬೂಟು ಹಾಕಿಕೊಂಡು, ತಲೆಗೆ ಒದ್ದೆ ಟವೆಲ್ಲು ಸುತ್ತಿಕೊಂಡು, ಇಳಿಯುವವರ ಸಾಲಿನಲ್ಲಿ ಹೋಗಿ ನಿಂತೆ. ನನ್ನ ಮುಂದೆ ಇಬ್ಬರೇ ಉಳಿದಿದ್ದಾಗ ಆ 'ಹೇಗೆ ಗೊತ್ತಾಗುತ್ತದೆ' ಎಂಬುದಕ್ಕೆ, ನನಗೆ ಗೊತ್ತಿರುತ್ತದಲ್ಲ ಎಂಬ ಉತ್ತರ ಸಿಕ್ಕಿತು. ಸಾಲಿನಿಂದ ಆಚೆ ಬಂದೆ. ದೋಣಿ ದಡದತ್ತ ಸಾಗುವಾಗ ಮೂರ್ತಿ ಹ್ಯಾಟು ಬೀಸಿದ. ನಾನು ಟವೆಲ್ಲು ಬೀಸಿದೆ. ಹೊಟ್ಟೆಯುರಿಯಿತು ಎಂದು ಒಪ್ಪಿಕೊಳ್ಳಲು ಈಗ ನಾಚಿಕೆಯಿಲ್ಲ.

ಹಡಗು ಕಾಲುವೆ ಹೊಕ್ಕ ಕೂಡಲೇ ಉಪ್ಪಿನಕಾಯಿ ಜಾಡಿಯ ಹುಲ್ಲು ತಂದು ಕಂಬಿಯ ಹತ್ತಿರ ನಿಂತು ಒಂದು ಕಡ್ಡಿ ಬಿಟ್ಟೆ. ಹಿಂದಕ್ಕೆ ಹೋಯಿತು. ಇನ್ನೊಂದು ಬಿಟ್ಟೆ, ಅದೂ ಹಿಂದಕ್ಕೆ. ಏಳೆಂಟು ಕಡ್ಡಿ ಆದ ಮೇಲೆ, ನೀರು ಹಿಂದೆ ಬಿಟ್ಟ ಸೂಯೆಜ್ ಊರಿನ ಕಡೆಗೇ ಹರಿಯುತ್ತದೆ, ಅದೂ ಬಹಳ ರಭಸವಾಗಿ, ಎಂದು ಡೈರಿಯಲ್ಲಿ ಬರೆದೆ. ಬರೆದು ಅಡಿಗೆರೆ ಎಳೆಯುವಾಗ ಹೊಳೆಯಿತು, ಓಡುತ್ತಿರುವುದು ನೀರಲ್ಲ, ಹಡಗು. ಕೂದಲೆಳೆಯ ಹತ್ತನೆಯ ಒಂದು ಭಾಗವನ್ನು ಅಳೆಯುವವನೆಂದು ಕಾರ್ಖಾನೆಯವರು ನನ್ನನ್ನು ವಿಲಾಯತಿಗೆ ಕಳಿಸಿದ್ದರು. ಮಾವ ಕಾಲುವೆಯ ದಡದಲ್ಲಿ ನಿಂತು ಕಡ್ಡಿ ಹಾಕುತ್ತಿದ್ದರೇ ಹೊರತು ಓಡುವ ಎತ್ತಿನಗಾಡಿಯ ಮೇಲೆ ಕುಳಿತು ಹಾಕುತ್ತಿರಲಿಲ್ಲ. ತಿರುಗಿ ನೋಡಿದರೆ ಒಬ್ಬ ವಯಸ್ಸಾದ ಇಂಗ್ಲಿಷ್ ಹೆಂಗಸು ನನ್ನ ಹಿಂದೆ ತಲೆ ಬಾಗಿಸಿ ನಿಂತಿದ್ದರು. ನಾನು ಯಾವುದೋ ಪೂಜೆ ಮಾಡುತ್ತಿದ್ದೇನೆಂದು ತಿಳಿದಿದ್ದರು. ಅವರ ಭಕ್ತಿ ಕೆಡಿಸಲು ಮನಸ್ಸಾಗದೆ ಕೊನೆಯದೊಂದು ಕಡ್ಡಿ ಬಿಟ್ಟು ಕೈಮುಗಿದೆ.

ಪುಣ್ಯಕ್ಕೆ, ನಮ್ಮ ಮುಂದೆ ಹೋಗುತ್ತಿದ್ದ ಹಡಗಿಗೆ ಏನೋ ತೊಂದರೆಯಾಗಿ ನಮ್ಮದನ್ನು ದಡಕ್ಕೆ ಹಗ್ಗ ಹಾಕಿ ಕಟ್ಟಿದರು. ಎಲ್ಲರೂ ಗೊಣಗಿದರು, ನಾನೊಬ್ಬ ಹಿಗ್ಗಿದೆ. ಈಗ ಬಿಟ್ಟ ಕಡ್ಡಿ ಸ್ವಲ್ಪ ಹೊತ್ತು ಯೋಚಿಸಿ ಮೆಲ್ಲಗೆ ಮುಂದಕ್ಕೆ, ಉತ್ತರದ ಕಡೆಗೆ ಹೊರಟಿತು. ಊಟ ಮುಗಿಸಿ ಬಂದು ಇನ್ನೊಂದು ಬಿಟ್ಟರೆ ಅದು ನಿಂತಲ್ಲೇ ನಿಂತಿತು. ಇನ್ನೂ ಒಂದು ಗಂಟೆ ಬಿಟ್ಟು ಹಾಕಿದ್ದು ವಾಪಸು ಸೂಯೆಜ್ ಕಡೆಗೆ ಹೋಯಿತು. ಹಡಗಿನ ಅಧಿಕಾರಿಯೊಬ್ಬರು ವಿವರಿಸಿದರು: ಇಲ್ಲಿ ತೂಬಿಲ್ಲ, ಬಾಗಿಲಿಲ್ಲ, ಸಮುದ್ರ ಉಬ್ಬಿದಾಗ ನೀರು ಒಳಗೆ, ಇಳಿದಾಗ ಹೊರಗೆ. ಬಾಯಿಮಾತು ಬೇಡವೆಂದಿದ್ದರು ನಿಜ, ಆದರೆ ಈ ಮಾತಿಗೆ ನನ್ನ ಕಣ್ಣೇ ಸಾಕ್ಷಿಯಾಗಿತ್ತು.

ಮತ್ತೆ ಹೊರಟ ಮೇಲೆ ಎಡಗಡೆಯ ದಡದಲ್ಲಿ ಮರಳಿನ ನಡುವೆ ಹಸಿರು ಕಾಣಿಸಿತು. ನೈಲ್ ನದಿಯ ಸಿಹಿನೀರನ್ನು ತರುವ ಚಿಕ್ಕ ಕಾಲುವೆಯೊಂದು ಅಲ್ಲಿದೆ. ನಿಲುವಂಗಿಯನ್ನು ಮೇಲೆತ್ತಿ ಕಟ್ಟಿದ್ದ ಒಬ್ಬ ಮನುಷ್ಯ ಗುದ್ದಲಿಯಿಂದ ಮಣ್ಣು ಕಡಿದು ಒಂದು ಮಡಿಗೆ ನೀರು ಬಿಟ್ಟ. ಪಕ್ಕದ ಮಡಿಯ ಬಾಯಿ ಮುಚ್ಚಿ ಕಾಲಿನಿಂದ ತುಳಿದ. ಇಷ್ಟು ದೊಡ್ಡ ಹಡಗು ಹೊಲದ ಪಕ್ಕದಲ್ಲೇ ಹೋಗುತ್ತಿದ್ದರೂ ಅವನು ತಲೆಯೆತ್ತಿದ್ದು ಒಂದೇ ಸಲ. ಅವನು ಕಣ್ಮರೆಯಾಗುವ ತನಕ ನಾನು ಕಂಬಿ ಬಿಟ್ಟು ಕದಲಲಿಲ್ಲ.

ಸಂಜೆ ಪೋರ್ಟ್ ಸೈದ್‌ನಲ್ಲಿ ಮೂರ್ತಿ ಹಡಗು ಹತ್ತಿದ. ಮೈಯೆಲ್ಲ ಮರಳು, ಮುಖವೆಲ್ಲ ಬಿಸಿಲು. ಅವನು ಬಿಸಿಲು, ಒಂಟೆ, ಗೈಡಿನ ಕಾಟ ಇವನ್ನೆಲ್ಲ ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವನು ಹಾಸಿಗೆಯ ಮೇಲೆ ಕುಳಿತು ಮೆತ್ತಗೆ, "ಅಲ್ಲಿ ನಿಂತಾಗ ನಂಗೆ ಮಾತೇ ಹೊರಡ್ಲಿಲ್ಲ ಕಣಯ್ಯ" ಎಂದ. ನಾನು ಎರಡು ಸಲ ಮಗ್ಗುಲು ಬದಲಿಸಿದೆ.

ತರಬೇತಿ ಮುಗಿಸಿ ಊರಿಗೆ ಬಂದ ಮೂರನೆಯ ದಿನ, ಭಾನುವಾರ ಬೆಳಗ್ಗೆ, ಮಾವ ಬಂದು ಗೇಟಿನ ಆಚೆ ನಿಂತರು. ಇಂಗ್ಲೆಂಡ್ ಹೇಗಿದೆ ಎಂದು ಕೇಳಲಿಲ್ಲ.

"ನೋಡಿದ್ಯಾ?" ಎಂದರು.

"ನೋಡ್ದೆ ಮಾವ. ತೂಬೇ ಇಲ್ಲ. ಎರಡು ಕಡೆಗೂ ಹರೀತದೆ. ಬೆಳಗ್ಗೆ ಹಿಂಗೆ, ಮಧ್ಯಾಹ್ನ ಹಂಗೆ. ನಮ್ಮ ರಾಗಿ ಹುಲ್ಲಲ್ಲೇ ನೋಡ್ದೆ."

ಅವರು ಕೆರೆಯ ಕಡೆಗೆ ತಿರುಗಿ ನೋಡಿದರು.

"ಹಂಗಾದ್ರೆ ಅಲ್ಲೂ ನೀರುಗಂಟಿಗೆ ಕೆಲಸ ಇಲ್ಲ."

ಆ ದನಿ ಕೇಳಿ ನಾನು ಗಡಿಬಿಡಿಯಿಂದ ಗುದ್ದಲಿಯ ಮನುಷ್ಯನ ವಿಷಯ ಹೇಳಿದೆ. ಮಾವನ ಮುಖ ಅರಳಿತು. ಗುದ್ದಲಿಯ ಕಾವು ಎಷ್ಟುದ್ದ, ಎಡಗೈ ಮೇಲೋ ಬಲಗೈ ಮೇಲೋ, ಬಾಯಿ ಮುಚ್ಚಿದ ಮೇಲೆ ಎಷ್ಟು ಸಲ ತುಳಿದ, ಎಲ್ಲ ಕೇಳಿದರು. ಮೂರು ಸಲ ತುಳಿದ ಎಂದೆ.

"ಬಲ್ಲೋನು" ಎಂದರು.

ಆಮೇಲೆ ಗೇಟಿನ ಮೇಲೆ ಕೈಯಿಟ್ಟು ಇನ್ನೊಂದು ಕೇಳಿದರು.

"ಆ ದೊಡ್ಡ ಕಾಲುವೆ ತೋಡೋಕೆ ಮುಂಚೆ ಆ ಜಾಗ ಯಾರದಾಗಿತ್ತು?"

"ಬರೀ ಮರಳು ಮಾವ. ಯಾರದೂ ಇದ್ದಂಗಿಲ್ಲ."

"ಇದ್ದಂಗಿಲ್ಲ ಅಂದ್ರೆ? ಕೇಳಿದ್ಯಾ?"

ಕಾರ್ಖಾನೆಯಲ್ಲಿ ಆ ಎರಡು ದಿನದಲ್ಲಿ ನಾನು ಸಾಕಷ್ಟು ಬುರುಡೆ ಬಿಟ್ಟಿದ್ದೆ. ಇಲ್ಲೂ ಒಂದು ಬಿಡಬಹುದಿತ್ತು.

"ಇಲ್ಲ ಮಾವ, ಕೇಳ್ಲಿಲ್ಲ" ಎಂದೆ. ಅಷ್ಟಕ್ಕೇ ನಿಲ್ಲಿಸಬೇಕೆಂದಿದ್ದೆ, ಆದರೆ ಮಾತು ತಾನಾಗಿ ಮುಂದುವರಿಯಿತು. "ಇಲ್ಲೂ ಕೇಳ್ಲಿಲ್ಲ."

ಮಾವ ನನ್ನನ್ನೇ ನೋಡಿದರು. ಚಪ್ಪಲಿ ಬಿಟ್ಟರು, ಮನೆಯ ಬಾಗಿಲಿನಲ್ಲಲ್ಲ, ರಸ್ತೆಯಲ್ಲೇ, ಗದ್ದೆಗೆ ಇಳಿಯುವ ಮುಂಚೆ ಬಿಡುವ ಹಾಗೆ. ಗೇಟು ತೆಗೆದು ಒಳಗೆ ಬಂದರು.

"ಈಗ ಕೇಳು" ಎಂದರು.

ನಾನು ಕೇಳಿದೆ. ಜಗಲಿಯ ಉದ್ದಕ್ಕೂ ಕಾಲುವೆಯ ಕವಲು ಹೋಗುತ್ತಿತ್ತಂತೆ. ನಾನು ರೇಡಿಯೋ ಇಟ್ಟಿದ್ದ ಮೂಲೆ ಚಿಕ್ಕಮುನಿಯಪ್ಪನ ಗದ್ದೆ. ತನ್ನ ಸರದಿಗೆ ನೀರು ಸಾಲದೆಂದು ಪ್ರತಿ ವರ್ಷ ಜಗಳ. ಅವನಿಗೆ ಈಗ ಲಗ್ಗೆರೆಯ ಹತ್ತಿರ ಎಮ್ಮೆಗಳಿವೆ. ಮಂಚದ ಕೆಳಗೆ ಬದು. ಅಡುಗೆಮನೆಗೆ ಬಂದಾಗ ಮಾವ ಒಲೆಯ ಮುಂದೆ ನಿಂತರು. ಕಾಫಿಗೆ ಹಾಲಿಟ್ಟಿದ್ದ ಜಯಮ್ಮ ಸರಿದು ನಿಂತಳು.

"ಇದು ದೊಡ್ಡತಾಯಿದು ಕಣವ್ವ. ಗಂಡ ಇಲ್ದೋಳು. ಯಾರಿಗೂ ಹೇಳ್ದೆ ಅವಳಿಗೆ ಒಂದು ಗಳಿಗೆ ಜಾಸ್ತಿ ಬಿಡ್ತಿದ್ದೆ."

"ಅವರೀಗ ಎಲ್ಲಿದಾರಪ್ಪ?" ಎಂದಳು ಜಯಮ್ಮ.

"ನಾಯಂಡಹಳ್ಳಿ ಕಡೆ, ಮಗನ ಮನೇಲಿ" ಎಂದು ಹೇಳಿ ಮಾವ ಅಲ್ಲೇ, ಒಲೆಯ ಪಕ್ಕದಲ್ಲಿ, ನೆಲದ ಮೇಲೆ ಕುಳಿತುಕೊಂಡರು. ಹಾಲು ಉಕ್ಕಿ ಹೋಯಿತು. ಯಾರೂ ಇಳಿಸಲಿಲ್ಲ.

ಅಂದಿನಿಂದ ಮಾವ ಬಂದರೆ ಒಳಗೇ ಬರುತ್ತಾರೆ, ಉಪ್ಪು ಜಾಸ್ತಿಯಾಯಿತೆಂದೂ ಹೇಳುತ್ತಾರೆ. ಪಿರಮಿಡ್ ನೋಡಿಲ್ಲವೆಂಬ ಕೊರಗು ನನಗೆ ಪೂರ್ತಿ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಮೂರ್ತಿ ಗೋಡೆಗೆ ಹಾಕಿರುವ ಒಂಟೆಯ ಫೋಟೋ ಕಂಡಾಗಲೆಲ್ಲ ಒಂದು ಗಳಿಗೆ ಮುಳ್ಳು ಚುಚ್ಚಿದಂತಾಗುತ್ತದೆ. ಆಗ ನನಗೆ ನಾನೇ ಹೇಳಿಕೊಳ್ಳುತ್ತೇನೆ: ಸೂಯೆಜ್‌ನಲ್ಲಿ ನೀನು ಇಳಿಯಲಿಲ್ಲ, ಸರಿ, ರಾಜಾಜಿನಗರದಲ್ಲಿ ಮೂರು ವರ್ಷ ಮನೆ ಮಾಡಿಕೊಂಡು ಸಾಮಾನು ಕಾಯುತ್ತಿದ್ದೆಯಲ್ಲ, ಅಲ್ಲಾದರೂ ಇಳಿದದ್ದು ಯಾವಾಗ? ಆ ಭಾನುವಾರ ತಾನೆ.